ಅಂಡಜವಲ್ಲದ ಮೀನು, ಸ್ವೇದಜವಲ್ಲದ ಸೊಳ್ಳೆ

ಭಾರತೀಯ ಶಾಸ್ತ್ರಪರಂಪರೆಯು ಜೀವರಾಶಿಯನ್ನು ಹುಟ್ಟಿನ ಬಗೆಯ ಮೇಲೆ ನಾಲ್ಕಾಗಿ ವಿಂಗಡಿಸಿತ್ತು: ತಾಯಿಯ ಗರ್ಭಚೀಲದಿಂದ ಹುಟ್ಟುವವು ಜರಾಯುಜಗಳು, ಮೊಟ್ಟೆಯೊಡೆದು ಹೊರಬರುವವು ಅಂಡಜಗಳು, ಬೆವರು ಮತ್ತು ಬಿಸಿಯ ಕಾವಿನಿಂದ ಉಂಟಾಗುವವು ಸ್ವೇದಜಗಳು, ನೆಲವನ್ನು ಸೀಳಿ ಮೇಲೇಳುವ ಗಿಡಮರಗಳು ಉದ್ಭಿಜ್ಜಗಳು. ಈ ವಿಂಗಡಣೆಯಲ್ಲಿ ಮೀನು ಹಕ್ಕಿ, ಹಾವು, ಆಮೆಗಳೊಡನೆ ಅಂಡಜಗಳ ಸಾಲಿಗೆ ಸೇರಿದರೆ, ಸೊಳ್ಳೆ ಹೇನು, ನೊಣ, ತಿಗಣೆಗಳೊಡನೆ ಸ್ವೇದಜಗಳ ಸಾಲಿಗೆ ಸೇರಿತು. ಬರಿಗಣ್ಣಿಗೆ ಕಂಡದ್ದನ್ನು ನಿಷ್ಠೆಯಿಂದ ದಾಖಲಿಸಿದ ಈ ಕ್ರಮ ಶತಶತಮಾನಗಳ ಕಾಲ ಬಾಳಿತು. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ, ಕಾವೇರಿಯ ನಾಲೆಗಳು ಹರಿಯುವ ಮೈಸೂರು ಸೀಮೆಯಲ್ಲಿ, ಈ ಸಾಲುಗಳೆರಡನ್ನೂ ಒಂದೇ ಕಾರ್ಯದ ಸಲುವಾಗಿ ತಿದ್ದಿಕೊಳ್ಳಬೇಕಾದ ಸಂದರ್ಭ ಒದಗಿತು. ಆ ಕಾರ್ಯ ಜನರು ಚಳಿಜ್ವರವೆಂದು ಕರೆಯುತ್ತಿದ್ದ ಮಲೇರಿಯಾವನ್ನು ತಡೆಯುವುದು. ಅದಕ್ಕಾಗಿ ಬಂದ ಮೀನು ಮೊಟ್ಟೆಯಿಡದೆ ಮರಿ ಹಾಕುವಂಥದು, ಅದು ತಿನ್ನಬೇಕಾಗಿದ್ದ ಸೊಳ್ಳೆಯ ಮರಿಹುಳು ಬೆವರಿನಿಂದಲ್ಲದೆ ನೀರಿನ ಮೇಲಿಟ್ಟ ಮೊಟ್ಟೆಯಿಂದ ಹುಟ್ಟಿದಂಥದು. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲದ ನೀರಿನ ಚರಿತ್ರೆಯನ್ನು ಈ ಎರಡು ಪುಟ್ಟ ಜೀವಿಗಳನ್ನು ಬಿಟ್ಟು ಪೂರ್ತಿಯಾಗಿ ಹೇಳಲಾಗುವುದಿಲ್ಲ.

ಮರಿ ಹಾಕುವ ಮೀನುಗಳು

ಕರ್ನಾಟಕದ ಕರಾವಳಿಯ ಮೀನುಗಾರರಿಗೆ ಮರಿ ಹಾಕುವ ಮೀನು ಹೊಸತಲ್ಲ. ಬಲೆಗೆ ಬೀಳುವ ತಾಟೆ, ತೊರಕೆಗಳ ಹೊಟ್ಟೆಯಲ್ಲಿ ಪೂರ್ತಿ ಬೆಳೆದ ಮರಿಗಳು ಕಾಣುವುದುಂಟು. ಆದರೆ ಆ ಮೀನುಗಳ ಅಸ್ಥಿಪಂಜರ ಮೃದ್ವಸ್ಥಿಯದು. ಗಟ್ಟಿ ಮೂಳೆಯುಳ್ಳ ಸಾಮಾನ್ಯ ಮೀನುಗಳ ನಡುವೆಯೂ ಇಡೀ ಕುಟುಂಬವೊಂದು ಮರಿ ಹಾಕಿಯೇ ಸಂತತಿ ಬೆಳೆಸಬಲ್ಲದು ಎಂಬುದು ಪಾಶ್ಚಾತ್ಯ ವಿದ್ವಾಂಸರಿಗೂ ಬಹುಕಾಲ ತಿಳಿದಿರಲಿಲ್ಲ. 1852ರಲ್ಲಿ ಕ್ಯಾಲಿಫೋರ್ನಿಯಾದ ಸಾಸಲಿಟೊ ಬಳಿಯ ಕೊಲ್ಲಿಯಲ್ಲಿ ಗಾಳ ಹಾಕುತ್ತಿದ್ದ ಎ. ಸಿ. ಜ್ಯಾಕ್ಸನ್ ಎಂಬಾತನಿಗೆ ಹೊಟ್ಟೆಯ ತುಂಬ ಜೀವಂತ ಮರಿಗಳನ್ನು ಹೊತ್ತ ಮೀನೊಂದು ಸಿಕ್ಕಿತು. ಆತನಿಂದ ವಿಷಯ ತಿಳಿದ ಪ್ರಾಣಿಶಾಸ್ತ್ರಜ್ಞ ಲೂಯಿ ಅಗಾಸಿ 1853ರಲ್ಲಿ ಆ ಮೀನುಗಳಿಗಾಗಿ ಹೊಸದೊಂದು ಕುಟುಂಬವನ್ನೇ ಸ್ಥಾಪಿಸಿ ಅದನ್ನು ಎಂಬಿಯೊಟೊಸಿಡೆ ಎಂದು ಕರೆದನು. ಜೀವಂತವಾಗಿ ಹೆರುವವು ಎಂಬ ಅರ್ಥದ ಗ್ರೀಕ್ ಪದಗಳಿಂದ ಕಟ್ಟಿದ ಹೆಸರದು. ಉತ್ತರ ಶಾಂತಸಾಗರದ ಅಂಚಿನಲ್ಲಿ, ಬಹುಪಾಲು ಅಮೆರಿಕದ ಪಶ್ಚಿಮ ತೀರದಲ್ಲಿ ಮತ್ತು ಕೆಲಮಟ್ಟಿಗೆ ಜಪಾನ್, ಕೊರಿಯಾಗಳ ಕಡಲಿನಲ್ಲಿ ಬಾಳುವ ಈ ಕುಟುಂಬದ ಮೀನುಗಳು ಮರಿಗಳನ್ನು ಅಂಡಾಶಯದೊಳಗೇ ಪೋಷಿಸಿ, ಬಲಿತ ಮೇಲೆ ಹೊರಹಾಕುತ್ತವೆ.

ಅದೇ 1853ರಲ್ಲಿ ಅಮೆರಿಕದ ಬೇರ್ಡ್ ಮತ್ತು ಗಿರಾರ್ಡ್ ಎಂಬ ಇಬ್ಬರು ವಿದ್ವಾಂಸರು ಟೆಕ್ಸಾಸಿನ ಹೊಳೆಗಳಲ್ಲಿ ಸಿಕ್ಕ ಬೂದುಬಣ್ಣದ ಪುಟ್ಟ ಮೀನೊಂದನ್ನು ವರ್ಣಿಸಿದರು. ಮುಂದೆ ಗ್ಯಾಂಬೂಸಿಯಾ ಅಫಿನಿಸ್ ಎಂದು ಪ್ರಸಿದ್ಧವಾದ ಈ ಮೀನು ಪೊಯಿಸಿಲಿಡೆ ಎಂಬ ಬೇರೆಯೇ ಕುಟುಂಬಕ್ಕೆ ಸೇರಿದ್ದು, ಮೆಕ್ಸಿಕೊ ಕೊಲ್ಲಿಗೆ ಇಳಿಯುವ ಹೊಳೆಗಳ ಬಯಲು, ಕರಾವಳಿಯ ಜೌಗು ಮತ್ತು ಉಪ್ಪು ಬೆರೆತ ಹಿನ್ನೀರುಗಳಲ್ಲಿ ಬಾಳುವಂಥದು. ಗ್ಯಾಂಬೂಸಿಯಾ ಎಂಬ ಕುಲನಾಮವನ್ನು ಕ್ಯೂಬಾದ ವಿದ್ವಾಂಸ ಫೆಲಿಪೆ ಪೊಯೇ 1854ರಲ್ಲಿ ಕೊಟ್ಟನು. ಆ ದ್ವೀಪದ ಆಡುಮಾತಿನಲ್ಲಿ ಅದರ ಮೂಲಪದಕ್ಕೆ ಏನೂ ಇಲ್ಲದ್ದು, ಲೆಕ್ಕಕ್ಕೆ ಬಾರದ್ದು ಎಂಬ ಅರ್ಥವಿದ್ದು, ಬರಿಗೈಯಲ್ಲಿ ಮರಳಿದ ಮೀನುಗಾರ ಗ್ಯಾಂಬೂಸಿನೊ ಹಿಡಿದುಬಂದನೆಂದು ಹೇಳುವ ವಾಡಿಕೆಯಿತ್ತು. ಲೆಕ್ಕಕ್ಕೆ ಬಾರದ ಈ ಮೀನು ಮುಂದಿನ ನೂರು ವರ್ಷಗಳಲ್ಲಿ ಅಂಟಾರ್ಕ್ಟಿಕಾ ಒಂದನ್ನುಳಿದು ಎಲ್ಲ ಖಂಡಗಳಿಗೂ ಮನುಷ್ಯನ ಕೈಯಿಂದಲೇ ಹಬ್ಬಿತು.

ಇದರ ದೇಹರಚನೆಯೇ ಇದರ ಚರಿತ್ರೆಯನ್ನು ನಿರ್ಧರಿಸಿತೆನ್ನಬಹುದು. ಹೆಣ್ಣು ಆರೇಳು ಸೆಂಟಿಮೀಟರ್ ಮೀರದು, ಗಂಡು ಅದಕ್ಕಿಂತಲೂ ಚಿಕ್ಕದು. ತಲೆಯ ಮೇಲ್ಭಾಗ ಚಪ್ಪಟೆಯಾಗಿದ್ದು ಬಾಯಿ ಮೇಲ್ಮುಖವಾಗಿ ತೆರೆದುಕೊಳ್ಳುವುದರಿಂದ ಅದು ನೀರಿನ ಮೇಲ್ಪದರಕ್ಕೆ ತಾಗಿಕೊಂಡೇ ಆಹಾರ ಹೆಕ್ಕುತ್ತದೆ. ಗಂಡಿನ ಗುದದ್ವಾರದ ಬಳಿಯ ಈಜುರೆಕ್ಕೆ ನೀಳವಾಗಿ ಮಾರ್ಪಟ್ಟು ವೀರ್ಯವನ್ನು ಹೆಣ್ಣಿನ ದೇಹದೊಳಕ್ಕೆ ಸೇರಿಸುವ ಅಂಗವಾಗಿರುತ್ತದೆ. ಹೆಣ್ಣು ಆ ವೀರ್ಯವನ್ನು ತಿಂಗಳುಗಟ್ಟಲೆ ಕಾದಿಟ್ಟುಕೊಂಡು, ಮೂರು-ನಾಲ್ಕು ವಾರಗಳಿಗೊಮ್ಮೆ, ಈಜಬಲ್ಲ ಮತ್ತು ಬೇಟೆಯಾಡಬಲ್ಲ ಮರಿಗಳನ್ನು ಹತ್ತಾರು ಸಂಖ್ಯೆಯಲ್ಲಿ ಈಯುತ್ತದೆ. ಮೊಟ್ಟೆಯಿಡುವ ಮೀನಿಗೆ ತಕ್ಕ ತಳ, ತಕ್ಕ ಸಸ್ಯ, ತಕ್ಕ ಹರಿವು ಬೇಕು. ಮೊಟ್ಟೆಗಳು ಒಣಗಬಾರದು, ಕೊಚ್ಚಿಹೋಗಬಾರದು, ಅನ್ಯರ ಬಾಯಿಗೆ ಬೀಳಬಾರದು. ಮರಿ ಹಾಕುವ ಮೀನಿಗೆ ಇವಾವುದರ ಹಂಗೂ ಇಲ್ಲವಾದ ಕಾರಣ, ಬಸಿರಾದ ಒಂದೇ ಒಂದು ಹೆಣ್ಣನ್ನು ಬಾವಿಗೆ ಬಿಟ್ಟರೂ ಕೆಲವು ತಿಂಗಳಲ್ಲಿ ಆ ಬಾವಿ ಮೀನಿನ ನೆಲೆಯಾಗಬಲ್ಲದು. ಹಡಗಿನ ದೀರ್ಘ ಪ್ರಯಾಣ, ಕಡಿಮೆ ಆಮ್ಲಜನಕ, ಬಿಸಿಯಾದ ನಿಂತ ನೀರು ಇವೆಲ್ಲವನ್ನೂ ತಾಳಿಕೊಳ್ಳುವ ಗುಣವೂ ಸೇರಿ, ಆರೋಗ್ಯಾಧಿಕಾರಿಗಳು ಬಯಸುವ ಲಕ್ಷಣಗಳೆಲ್ಲ ಅದರಲ್ಲಿ ಕೂಡಿದ್ದವು.

ಪಟ್ಟಣದ ಜ್ವರ

ಈ ಮೀನು ಬರುವುದಕ್ಕೆ ಬಹಳ ಹಿಂದೆಯೇ ಶ್ರೀರಂಗಪಟ್ಟಣ ಜ್ವರಕ್ಕೆ ಹೆಸರಾಗಿತ್ತು. ಕಾವೇರಿ ಎರಡಾಗಿ ಸೀಳಿ ಬಳಸಿಕೊಂಡ ದ್ವೀಪ, ಅದರ ಮೇಲ್ಭಾಗದಲ್ಲಿ ಹದಿನೇಳನೆಯ ಶತಮಾನದ ಒಡೆಯರು ಹೊಳೆಗೆ ಅಡ್ಡಲಾಗಿ ಕಟ್ಟಿಸಿದ ಕಟ್ಟೆಗಳು, ಅವುಗಳಿಂದ ಹೊರಟ ಬಂಗಾರದೊಡ್ಡಿ ನಾಲೆ, ಚಿಕ್ಕದೇವರಾಯ ನಾಲೆ, ವಿರಿಜಾ ನಾಲೆಗಳು, ಆ ನಾಲೆಗಳ ಎರಡೂ ಬದಿಗೆ ವರ್ಷವಿಡೀ ಹಸಿರಾಗಿರುವ ಭತ್ತದ ಗದ್ದೆಗಳು ಸೇರಿ ಅಷ್ಟಗ್ರಾಮವೆಂಬ ಹೆಸರಿನ ಆ ಸೀಮೆಯನ್ನು ಸಂಸ್ಥಾನದ ಅತ್ಯಂತ ಫಲವತ್ತಾದ ನೆಲಗಳಲ್ಲೊಂದಾಗಿ ಮಾಡಿದ್ದವು. ಬತ್ತದ ನೀರು ಬತ್ತದ ಬೆಳೆಯನ್ನು ಕೊಟ್ಟಿತು. ಅದರ ಜೊತೆಗೇ ಬತ್ತದ ಜ್ವರವನ್ನೂ ಕೊಟ್ಟಿತು. 1799ರ ಮೇ 4ರಂದು ಟಿಪ್ಪು ಸುಲ್ತಾನ್ ಮಡಿದು ಕೋಟೆ ಬ್ರಿಟಿಷರ ವಶವಾದ ಮೇಲೆ ಅಲ್ಲಿ ನೆಲೆಗೊಂಡ ಪರದೇಶದ ಸೈನಿಕರು, ಈ ರೋಗಕ್ಕೆ ಮೈ ಒಗ್ಗಿರದಿದ್ದ ಕಾರಣ, ಒಬ್ಬರ ಹಿಂದೊಬ್ಬರಂತೆ ಹಾಸಿಗೆ ಹಿಡಿದರು. ರಾಜಧಾನಿ ಮೈಸೂರಿಗೆ ಹೋಗಿದ್ದ ಕಾರಣ ಮೊದಲೇ ಬಡವಾಗಿದ್ದ ಪಟ್ಟಣದಿಂದ 1809ರಲ್ಲಿ ಮುಖ್ಯ ಸೇನೆಯೂ ಬೆಂಗಳೂರಿಗೆ ಸ್ಥಳಾಂತರಗೊಂಡಿತು. ಬೆಂಗಳೂರಿನ ದಂಡು ಪ್ರದೇಶದ ಬೆಳವಣಿಗೆಗೆ ಆ ಊರಿನ ತಂಪು ಹವೆ ಕಾರಣವೆಂಬುದು ಸಾಮಾನ್ಯವಾಗಿ ಕೇಳಿಬರುವ ಮಾತು. ಶ್ರೀರಂಗಪಟ್ಟಣದ ಜ್ವರವೂ ಅಷ್ಟೇ ಬಲವಾದ ಕಾರಣವಾಗಿತ್ತು.

ಉಳಿದ ಮೂರು ತಾಲ್ಲೂಕುಗಳ ನೀರಿನ ಸ್ಥಿತಿ ಒಂದೇ ಬಗೆಯದಾಗಿರಲಿಲ್ಲ. ಹೈದರ್ ಮತ್ತು ಟಿಪ್ಪುವಿನ ಸೇವೆಯಲ್ಲಿದ್ದ ಫ್ರೆಂಚ್ ಪಡೆ ಬೀಡುಬಿಟ್ಟಿದ್ದ ಹಿರೋಡೆ, ಅಂದರೆ ಫ್ರೆಂಚ್ ರಾಕ್ಸ್ ಎಂದು ಕರೆಯಲ್ಪಟ್ಟು ಮುಂದೆ ಪಾಂಡವಪುರವಾದ ಊರು, ಬಂಡೆಗಳ ನಡುವಿನ ಎತ್ತರದ ನೆಲ. ಅದರ ತಾಲ್ಲೂಕಿನಲ್ಲಿ ತೊಣ್ಣೂರು ಕೆರೆಯಂತಹ ಆಳವಾದ ಜಲಾಶಯವೂ ಮೇಲುಕೋಟೆಯಂತಹ ಕಲ್ಯಾಣಿಗಳ ಕ್ಷೇತ್ರವೂ ಇವೆ. ಅತ್ತಿಗುಪ್ಪೆ ಎಂಬ ಹಳೆಯ ಹೆಸರನ್ನು ಬಿಟ್ಟು ಕೃಷ್ಣರಾಜಪೇಟೆಯಾದ ತಾಲ್ಲೂಕಿಗೆ ಹೇಮಾವತಿಯ ಮೇಲಿನ ಹೇಮಗಿರಿ, ಮಂದಗೆರೆ ಅಣೆಕಟ್ಟುಗಳ ನಾಲೆಗಳು ಆಧಾರವಾಗಿದ್ದರೆ, ನಾಗಮಂಗಲ ಮಳೆ ಮತ್ತು ಕೆರೆಗಳನ್ನೇ ನಂಬಿದ ಒಣಸೀಮೆಯಾಗಿತ್ತು. ಕೆರೆಯ ತೂಬನ್ನು ತೆರೆದು ಮುಚ್ಚಿ, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಹರಿಯಬೇಕೆಂಬುದನ್ನು ನಡೆಸಿಕೊಂಡು ಬರುತ್ತಿದ್ದವನು ನೀರಗಂಟಿ. ನೀರು ಕಡಿಮೆಯಿದ್ದ ಸೀಮೆಯಲ್ಲಿ ಅವನ ಕಾವಲಿನ ಫಲವಾಗಿ ಗದ್ದೆಗಳು ನಡುನಡುವೆ ಒಣಗುತ್ತಿದ್ದವು, ಕಾಲುವೆಯಲ್ಲಿ ನೀರು ಅನಗತ್ಯವಾಗಿ ನಿಲ್ಲುತ್ತಿರಲಿಲ್ಲ. ಈ ಒಣಗುವಿಕೆಗೂ ಆರೋಗ್ಯಕ್ಕೂ ಸಂಬಂಧವುಂಟೆಂಬುದು ಆಗ ಯಾರ ಅರಿವಿಗೂ ಬಂದಿರಲಿಲ್ಲ.

ಸೊಳ್ಳೆಯ ಮೊಟ್ಟೆ

ಮಲೇರಿಯಾ ಎಂಬ ಪದವೇ ಇಟಲಿಯ ಭಾಷೆಯಲ್ಲಿ ಕೆಟ್ಟ ಗಾಳಿ ಎಂದು ಅರ್ಥ ಕೊಡುತ್ತದೆ. ಜೌಗಿನಿಂದೇಳುವ ದುರ್ಗಾಳಿಯೇ ಜ್ವರಕ್ಕೆ ಮೂಲವೆಂದು ಯುರೋಪಿನವರೂ ನಂಬಿದ್ದರು. 1895ರಿಂದ ಕೆಲಕಾಲ ಬೆಂಗಳೂರಿನಲ್ಲಿ ಕೆಲಸ ಮಾಡಿದ್ದ ಸೇನಾವೈದ್ಯ ರೊನಾಲ್ಡ್ ರಾಸ್ 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ, ರೋಗಿಯ ರಕ್ತ ಹೀರಿದ್ದ ಅನಾಫಿಲಿಸ್ ಸೊಳ್ಳೆಯ ಜಠರದ ಗೋಡೆಯಲ್ಲಿ ಮಲೇರಿಯಾ ಪರಾವಲಂಬಿಯನ್ನು ಕಂಡನು. ಆ ಸಂಶೋಧನೆಗೆ 1902ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಅಲ್ಲಿಂದ ಮುಂದೆ ಜ್ವರದ ಪ್ರಶ್ನೆ ನೀರಿನ ಪ್ರಶ್ನೆಯಾಯಿತು. ಅನಾಫಿಲಿಸ್ ಹೆಣ್ಣು ನೀರಿನ ಮೇಲೆ ಬಿಡಿಬಿಡಿಯಾಗಿ ಮೊಟ್ಟೆಯಿಡುತ್ತದೆ. ಪ್ರತಿ ಮೊಟ್ಟೆಯ ಎರಡು ಪಕ್ಕಗಳಲ್ಲಿ ಗಾಳಿ ತುಂಬಿದ ಪುಟ್ಟ ತೇಲುಬುರುಡೆಗಳಿರುತ್ತವೆ. ಮೊಟ್ಟೆಯೊಡೆದ ಮರಿಹುಳು ನೀರಿನ ಮೇಲ್ಪದರಕ್ಕೆ ಸಮಾನಾಂತರವಾಗಿ ಮಲಗಿ ಉಸಿರಾಡುತ್ತದೆ. ಬೆಚ್ಚನೆಯ ನೀರಿನಲ್ಲಿ ಒಂದು ವಾರದಿಂದ ಹತ್ತು ದಿನಗಳೊಳಗೆ ಅದು ರೆಕ್ಕೆ ಪಡೆದು ಹಾರುತ್ತದೆ. ಆ ಅವಧಿಯೊಳಗೆ ನೀರು ಒಣಗಿದರೆ ಅಥವಾ ಮೇಲ್ಪದರದಲ್ಲಿ ಬೇಟೆಯಾಡುವ ಮೀನಿದ್ದರೆ ಹುಳು ಉಳಿಯದು. ಜ್ವರವನ್ನು ತಡೆಯುವ ಎರಡು ದಾರಿಗಳು, ಒಂದು ನೀರಗಂಟಿಯದು ಮತ್ತೊಂದು ಮೀನಿನದು, ಹೀಗೆ ಒಂದೇ ಸತ್ಯದಿಂದ ಕವಲೊಡೆದವು.

ಕನ್ನಂಬಾಡಿಯ ನೀರು

1911ರ ನವೆಂಬರಿನಲ್ಲಿ ಕನ್ನಂಬಾಡಿಯ ಬಳಿ ಕಾವೇರಿಗೆ ಅಡ್ಡಲಾಗಿ ಕೃಷ್ಣರಾಜಸಾಗರದ ಕೆಲಸ ಆರಂಭವಾಯಿತು. ಮುಖ್ಯ ಇಂಜಿನಿಯರ್ ಆಗಿಯೂ 1912ರಿಂದ 1918ರವರೆಗೆ ದಿವಾನರಾಗಿಯೂ ಎಂ. ವಿಶ್ವೇಶ್ವರಯ್ಯನವರು ಅದನ್ನು ಮುನ್ನಡೆಸಿದರು. ಸುಮಾರು ಇಪ್ಪತ್ತು ವರ್ಷಗಳ ದುಡಿಮೆಯ ನಂತರ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದ ಕಾಲಕ್ಕೆ, ಸುಮಾರು 49 ಟಿಎಂಸಿ ನೀರು ಹಿಡಿಯುವ ಜಲಾಶಯ ಪೂರ್ಣಗೊಂಡಿತು. ಹಿನ್ನೀರು ಕೃಷ್ಣರಾಜಪೇಟೆ ತಾಲ್ಲೂಕಿನವರೆಗೂ ಚಾಚಿ ಹಳ್ಳಿಗಳನ್ನೂ ಗುಡಿಗಳನ್ನೂ ಮುಳುಗಿಸಿತು. ಎಡದಂಡೆಯಿಂದ ಹೊರಟ ದೊಡ್ಡ ನಾಲೆ ಹುಲಿಕೆರೆಯ ಬಳಿ ಗುಡ್ಡವನ್ನು ಸುರಂಗದಲ್ಲಿ ದಾಟಿ ಮಂಡ್ಯ, ಮದ್ದೂರು, ಮಳವಳ್ಳಿಗಳತ್ತ ಸಾಗಿತು. ಅಂದಿನ ವೈಸರಾಯ್‌ ಹೆಸರಿನಿಂದ ಇರ್ವಿನ್ ನಾಲೆ ಎನಿಸಿಕೊಂಡು ಮುಂದೆ ವಿಶ್ವೇಶ್ವರಯ್ಯ ನಾಲೆಯಾದ ಈ ಕಾಲುವೆ, ಸುಮಾರು 1,20,000 ಎಕರೆಗೆ ನೀರುಣಿಸುವ ಉದ್ದೇಶದ್ದು. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಗಿ, ರಾಗಿ-ಹುರುಳಿಯ ಬೆದ್ದಲು ಕಬ್ಬಿನ ತೋಟವಾಯಿತು. 1939ರ ಜುಲೈ 1ರಂದು ಮೈಸೂರು ಜಿಲ್ಲೆಯಿಂದ ಬೇರ್ಪಟ್ಟು ಮಂಡ್ಯ ಜಿಲ್ಲೆ ರೂಪುಗೊಂಡಾಗ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಈ ನಾಲ್ಕು ತಾಲ್ಲೂಕುಗಳೂ ಅದಕ್ಕೆ ಸೇರಿದವು.

ಬರವನ್ನು ಹಿಂದಕ್ಕಟ್ಟಿದ ಈ ಮಹಾಕಾರ್ಯದ ಹಿರಿಮೆ ಎಂದಿಗೂ ಕುಂದುವಂಥದಲ್ಲ. ಆದರೆ ನೀರು ಹೋದಲ್ಲೆಲ್ಲ ಜ್ವರವೂ ಹಿಂಬಾಲಿಸಿತು. ನಾಲೆಯ ಏರಿಯಿಂದ ಜಿನುಗಿ ತಗ್ಗಿನಲ್ಲಿ ನಿಂತ ನೀರು, ಏರಿಗಾಗಿ ಮಣ್ಣು ತೆಗೆದ ಗುಂಡಿಗಳು, ಬಸಿಗಾಲುವೆಗಳಿಲ್ಲದೆ ಜೌಗಾದ ಗದ್ದೆಗಳು, ಊರಿನ ಗೋಡೆಗೇ ತಾಗಿ ಎದ್ದ ಭತ್ತದ ಪೈರು ಇವೆಲ್ಲವೂ ಅನಾಫಿಲಿಸ್ ಕ್ಯೂಲಿಸಿಫೇಸಿಸ್ ಎಂಬ ಸೊಳ್ಳೆಗೆ ಹೇಳಿ ಮಾಡಿಸಿದ ಎಡೆಗಳಾಗಿದ್ದವು. ದಕ್ಷಿಣ ಭಾರತದ ಬಯಲುಸೀಮೆಯಲ್ಲಿ ಮಲೇರಿಯಾವನ್ನು ಹರಡುವ ಮುಖ್ಯ ಸೊಳ್ಳೆ ಇದೇ. ಬಿಸಿಲು ಬೀಳುವ ತಿಳಿನೀರು ಇದಕ್ಕೆ ಪ್ರಿಯ. ಹೊಸದಾಗಿ ನಾಟಿ ಮಾಡಿದ ಗದ್ದೆ ಅಂತಹ ತಿಳಿನೀರಿನ ಹಾಸೇ ಆಗಿರುತ್ತದೆ. ಜ್ವರ ಹತ್ತುತ್ತಿದ್ದ ಕಾಲ ನಾಟಿ ಮತ್ತು ಕಟಾವಿನ ಕಾಲವೇ ಆಗಿದ್ದರಿಂದ, ಹೊಲಕ್ಕೆ ಆಳು ಬೇಕಾದ ದಿನಗಳಲ್ಲಿಯೇ ಮನೆಮಂದಿ ಕಂಬಳಿ ಹೊದ್ದು ನಡುಗುತ್ತ ಮಲಗಬೇಕಾಗುತ್ತಿತ್ತು. ನೀರಾವರಿಯ ಲಾಭವನ್ನು ಎಕರೆಗಳಲ್ಲಿ ಎಣಿಸಿದ ಲೆಕ್ಕದಲ್ಲಿ ಈ ನಷ್ಟಕ್ಕೆ ಕಲಮು ಇರಲಿಲ್ಲ.

ಇಟಲಿಯಿಂದ ಬಂದ ಮೀನು

ಮೈಸೂರು ಸಂಸ್ಥಾನ ಈ ನಷ್ಟವನ್ನು ಕಾಣದೆ ಕುಳಿತಿರಲಿಲ್ಲವೆಂಬುದು ಅದರ ಹೆಚ್ಚುಗಾರಿಕೆ. 1920ರ ದಶಕದ ಕೊನೆಯಲ್ಲಿ ಸಂಸ್ಥಾನದ ಆರೋಗ್ಯ ಇಲಾಖೆ ಅಮೆರಿಕದ ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವಿನೊಡನೆ ಮಲೇರಿಯಾದ ಕ್ರಮಬದ್ಧ ಅಧ್ಯಯನಕ್ಕೆ ಇಳಿಯಿತು. ಪ್ರತಿಷ್ಠಾನದ ಪರವಾಗಿ ಡಾ. ಡಬ್ಲ್ಯೂ. ಸಿ. ಸ್ವೀಟ್ ಮತ್ತು ಇಲಾಖೆಯ ಡಾ. ಬಿ. ಎ. ರಾವ್ ಈ ಕೆಲಸದ ಆಧಾರಸ್ತಂಭಗಳಾಗಿದ್ದರು. ಶ್ರೀರಂಗಪಟ್ಟಣದಿಂದ ಮೈಸೂರಿನ ಕಡೆಗಿರುವ ನಾಗನಹಳ್ಳಿ ಗದ್ದೆಸೀಮೆಯ ಪ್ರಯೋಗಕೇಂದ್ರವಾಯಿತು. ಮಲೆನಾಡಿನ ಮೂಡಿಗೆರೆಯಲ್ಲಿಯೂ ಒಣಸೀಮೆಯ ಹಿರಿಯೂರಿನಲ್ಲಿಯೂ ಅಂತಹವೇ ಕೇಂದ್ರಗಳು ನಡೆದವು. ಮಕ್ಕಳ ಹೊಟ್ಟೆಯ ಎಡಭಾಗವನ್ನು ಮುಟ್ಟಿ, ಜನರು ಜ್ವರಗಡ್ಡೆ ಎನ್ನುತ್ತಿದ್ದ ಗುಲ್ಮದ ಊತವನ್ನು ಗುರುತಿಸಿ, ನೂರು ಮಕ್ಕಳಲ್ಲಿ ಎಷ್ಟು ಮಂದಿಗೆ ಅದು ಬೆಳೆದಿದೆ ಎಂದು ಎಣಿಸುವುದು ಊರಿನ ಮಲೇರಿಯಾವನ್ನು ಅಳೆಯುವ ಕ್ರಮವಾಗಿತ್ತು. ಮನೆ, ಕೊಟ್ಟಿಗೆಗಳಲ್ಲಿ ಹಿಡಿದ ಸೊಳ್ಳೆಗಳನ್ನು ಸೂಕ್ಷ್ಮದರ್ಶಕದಡಿ ಸೀಳಿ, ಯಾವ ಜಾತಿಯ ಜಠರದಲ್ಲಿ ಪರಾವಲಂಬಿ ಇದೆಯೆಂದು ನೋಡುವುದು ಎರಡನೆಯ ಕ್ರಮ. ತಾಮ್ರ ಮತ್ತು ಆರ್ಸೆನಿಕ್ ಬೆರೆತ ಪ್ಯಾರಿಸ್ ಗ್ರೀನ್ ಎಂಬ ಹಸಿರು ಪುಡಿಯನ್ನು ಧೂಳಿನೊಡನೆ ಕಲಸಿ ನೀರಿನ ಮೇಲೆ ತೂರಿದರೆ, ಮೇಲ್ಪದರದಲ್ಲಿ ಮೇಯುವ ಅನಾಫಿಲಿಸ್ ಹುಳು ಅದನ್ನು ನುಂಗಿ ಸಾಯುತ್ತಿತ್ತು. ಆದರೆ ಪುಡಿಯನ್ನು ವಾರವಾರವೂ ತೂರಬೇಕಾಗಿದ್ದರಿಂದ ಕೂಲಿ ಮತ್ತು ಖರ್ಚು ಎರಡೂ ಎಡೆಬಿಡದೆ ಬೇಕಾಗುತ್ತಿದ್ದವು.

ಒಮ್ಮೆ ಬಿಟ್ಟರೆ ತಾನಾಗಿಯೇ ಮುಂದುವರಿಯುವ ಸಾಧನವೊಂದರ ಹುಡುಕಾಟಕ್ಕೆ ಈ ಖರ್ಚೇ ಪ್ರೇರಣೆ. 1905ರಲ್ಲಿ ಟೆಕ್ಸಾಸಿನಿಂದ ಹವಾಯಿ ದ್ವೀಪಗಳಿಗೆ ಒಯ್ದ ಗ್ಯಾಂಬೂಸಿಯಾ ಅಲ್ಲಿ ನೆಲೆನಿಂತಿತ್ತು; 1921ರಲ್ಲಿ ಅಮೆರಿಕದಿಂದ ಸ್ಪೇನಿಗೆ ಬಂದ ಮೀನುಗಳ ಸಂತತಿಯನ್ನು ಮರುವರ್ಷ ಇಟಲಿಗೆ ತಂದು, ಜೀವಶಾಸ್ತ್ರಜ್ಞ ಮಾಸ್ಸಿಮೊ ಸೆಲ್ಲಾ ಆ ದೇಶದ ಜ್ವರಪೀಡಿತ ತೀರಗಳಲ್ಲಿ ಹರಡಿದ್ದನು. 1928ರಲ್ಲಿ ಡಾ. ಬಿ. ಎ. ರಾವ್ ಇಟಲಿಯಿಂದ ಈ ಮೀನನ್ನು ಭಾರತಕ್ಕೆ ತಂದರು. ದೇಶದ ಬೇರೆ ಬೇರೆ ಪ್ರಾಂತಗಳ ಬಾವಿ, ಕೊಳ, ಕಾರಂಜಿಗಳಲ್ಲಿ ಮುಂದಿನ ದಶಕಗಳಲ್ಲಿ ಕಾಣಿಸಿಕೊಂಡ ಗ್ಯಾಂಬೂಸಿಯಾಗಳ ಇತಿಹಾಸ ಹೀಗೆ ಮೈಸೂರು ಸಂಸ್ಥಾನದ ಒಬ್ಬ ಆರೋಗ್ಯಾಧಿಕಾರಿಯಿಂದ ಆರಂಭವಾಗುತ್ತದೆ. ಕೆಟ್ಟ ಗಾಳಿಯೆಂಬ ಹೆಸರನ್ನು ಜ್ವರಕ್ಕೆ ಕೊಟ್ಟ ನಾಡಿನಿಂದಲೇ ಆ ಜ್ವರದ ಮದ್ದಾಗಿ ಮೀನು ಬಂದದ್ದು ಗಮನಾರ್ಹ. ಇದಕ್ಕೂ ಮೊದಲು, ಇಪ್ಪತ್ತನೆಯ ಶತಮಾನದ ಆರಂಭದಲ್ಲಿಯೇ, ಅದೇ ಕುಟುಂಬದ ಗಪ್ಪಿ ಮೀನು ಭಾರತಕ್ಕೆ ಬಂದಿತ್ತು. ಚರಂಡಿಯ ಕೊಳೆನೀರನ್ನೂ ತಾಳುವ ಗಪ್ಪಿ ಮತ್ತು ತಿಳಿನೀರಿನಲ್ಲಿ ಚುರುಕಾಗಿ ಬೇಟೆಯಾಡುವ ಗ್ಯಾಂಬೂಸಿಯಾ ಸೇರಿ ಆರೋಗ್ಯ ಇಲಾಖೆಗಳ ಭಾಷೆಯಲ್ಲಿ ಲಾರ್ವಾಹಾರಿ ಮೀನುಗಳೆಂಬ ಹೆಸರು ಪಡೆದವು. ಬೆಳೆದ ಗ್ಯಾಂಬೂಸಿಯಾ ಒಂದು ದಿನಕ್ಕೆ ನೂರರಿಂದ ಮುನ್ನೂರು ಹುಳುಗಳನ್ನು ತಿನ್ನಬಲ್ಲದೆಂದು ಇಲಾಖೆಯ ಕೈಪಿಡಿಗಳು ಹೇಳುತ್ತ ಬಂದಿವೆ.

ಸ್ವೀಟ್ ಮತ್ತು ರಾವ್ ಜೋಡಿಯ ಹೆಸರನ್ನು ವಿಜ್ಞಾನದಲ್ಲಿ ಸ್ಥಿರವಾಗಿ ನಿಲ್ಲಿಸಿದ್ದು ಮಾತ್ರ ಮೀನಲ್ಲ, ಸೊಳ್ಳೆಯ ಮೊಟ್ಟೆ. ಬಾವಿ, ತೊಟ್ಟಿಗಳಲ್ಲಿ ಬೆಳೆಯುವ ಅನಾಫಿಲಿಸ್ ಸ್ಟಿಫೆನ್ಸಿ ಎಂಬ ಸೊಳ್ಳೆ ಪಟ್ಟಣಗಳಲ್ಲಿ ಮಲೇರಿಯಾ ಹರಡಿದರೂ ಹಳ್ಳಿಗಳಲ್ಲಿ ಅಷ್ಟಾಗಿ ಹರಡದಿರುವುದು ಒಂದು ಒಗಟಾಗಿತ್ತು. ಮೊಟ್ಟೆಯ ಪಕ್ಕದ ತೇಲುಬುರುಡೆಯ ಮೇಲಿನ ಏಣುಗಳನ್ನು ಎಣಿಸಿದಾಗ, ಪಟ್ಟಣದ ಸೊಳ್ಳೆಯ ಮೊಟ್ಟೆಯಲ್ಲಿ ಅವು ಹೆಚ್ಚಾಗಿಯೂ ಹಳ್ಳಿಯ ಸೊಳ್ಳೆಯ ಮೊಟ್ಟೆಯಲ್ಲಿ ಕಡಿಮೆಯಾಗಿಯೂ ಇರುವುದು ಕಂಡಿತು. 1937ರಲ್ಲಿ ಅವರಿಬ್ಬರು ಎರಡನೆಯ ಬಗೆಯನ್ನು ಬೇರ್ಪಡಿಸಿ ಅದಕ್ಕೆ ಮೈಸೊರೆನ್ಸಿಸ್ ಎಂದು ಹೆಸರಿಟ್ಟರು. ಕಣ್ಣಿಗೆ ಒಂದೇ ಆಗಿ ಕಾಣುವ ಸೊಳ್ಳೆಗಳಲ್ಲಿ ಅಪಾಯಕಾರಿ ಯಾವುದು, ಅಲ್ಲದ್ದು ಯಾವುದು ಎಂಬುದನ್ನು ಅರಿಯದೆ ಮದ್ದು ಹಾಕುವುದು ವ್ಯರ್ಥವೆಂಬ ತಿಳಿವಳಿಕೆ ಇದರಿಂದ ಮೂಡಿತು. ಸ್ಟಿಫೆನ್ಸಿ 2012ರಲ್ಲಿ ಆಫ್ರಿಕಾದ ಜಿಬೂಟಿಯಲ್ಲಿ ಕಾಣಿಸಿಕೊಂಡು ಹೊಸ ಆತಂಕ ಹುಟ್ಟಿಸಿದ ಮೇಲೂ, ಮೈಸೂರಿನ ಹೆಸರು ಹೊತ್ತ ಆ ವಿಂಗಡಣೆಯನ್ನು ಸಂಶೋಧಕರು ಚರ್ಚಿಸುತ್ತಲೇ ಇದ್ದಾರೆ. ಸ್ವೇದಜವೆನಿಸಿದ್ದ ಜೀವಿಯ ಮೊಟ್ಟೆಯ ಮೇಲಿನ ಗೆರೆಗಳನ್ನು ಎಣಿಸಿದ್ದೂ, ಅಂಡಜವೆನಿಸಿದ್ದ ಕುಲದಿಂದ ಮೊಟ್ಟೆಯಿಡದ ಮೀನನ್ನು ತಂದದ್ದೂ ಒಬ್ಬರೇ ವೈದ್ಯರು.

ಮೀನಿನ ಮಿತಿ

ಗ್ಯಾಂಬೂಸಿಯಾ ಗೆದ್ದ ಎಡೆಗಳು ಯಾವುವು, ಸೋತ ಎಡೆಗಳು ಯಾವುವು ಎಂಬುದನ್ನು ನೋಡಿದರೆ ಕಾವೇರಿ ಸೀಮೆಯ ಸಮಸ್ಯೆಯ ಸ್ವರೂಪ ತಿಳಿಯುತ್ತದೆ. ಗೋಡೆ ಕಟ್ಟಿದ ಬಾವಿ, ಮೆಟ್ಟಿಲಿನ ಕಲ್ಯಾಣಿ, ತೊಟ್ಟಿ, ಅಂಚು ಸವರಿದ ಕೊಳಗಳಲ್ಲಿ ಮೀನಿಗೆ ಮರೆಯಿಲ್ಲದ ಬೇಟೆ ಸಿಗುತ್ತದೆ. ಅಲ್ಲಿ ಅದರ ಕೆಲಸ ನಿಶ್ಚಿತ. ಜೊಂಡು, ಪಾಚಿ, ಅಂತರಗಂಗೆ ತುಂಬಿದ ಕೆರೆಯಂಚಿನಲ್ಲಿ ಹುಳುಗಳು ಎಲೆಗಳ ಸಂದಿಯಲ್ಲಿ ಉಳಿದುಕೊಳ್ಳುತ್ತವೆ. ಭತ್ತದ ಗದ್ದೆಯಲ್ಲಿ ಬೆರಳುದ್ದದ ನೀರು ಮಧ್ಯಾಹ್ನದ ಬಿಸಿಲಿಗೆ ಕಾಯುತ್ತದೆ, ಕಳೆ ಕೀಳುವಾಗ ಕದಡುತ್ತದೆ, ಕೊಯ್ಲಿಗೆ ಮುನ್ನ ಬತ್ತುತ್ತದೆ. ಮೀನು ಅಲ್ಲಿ ನೆಲೆಯೂರುವುದರೊಳಗೆ ಸೊಳ್ಳೆಯ ಹಲವು ತಲೆಮಾರುಗಳು ಹಾರಿಹೋಗಿರುತ್ತವೆ. ನಾಲೆಯ ಬದಿಯಲ್ಲಿ ದನದ ಗೊರಸು ಮೂಡಿಸಿದ ಕುಳಿಗೆ ಯಾವ ಮೀನೂ ಹೋಗಲಾರದು, ಆದರೆ ಒಂದು ಬೊಗಸೆ ನೀರು ಸೊಳ್ಳೆಗೆ ಧಾರಾಳವಾಗಿ ಸಾಕು.

ಆದುದರಿಂದ ಗದ್ದೆಸೀಮೆಯ ಮಲೇರಿಯಾಕ್ಕೆ ನೀರಿನ ಆಡಳಿತವೇ ಮುಖ್ಯವಾದ ಮದ್ದು ಎಂಬುದು ಅಂದಿನ ತಜ್ಞರಿಗೂ ಸ್ಪಷ್ಟವಾಗತೊಡಗಿತು. ಕಾವೇರಿಯ ಕೆಳಭಾಗದ ತಮಿಳು ಸೀಮೆಯ ಪಟ್ಟುಕೋಟೆಯಲ್ಲಿ ರಾಕ್‌ಫೆಲ್ಲರ್ ಪ್ರತಿಷ್ಠಾನದ ಪಾಲ್ ರಸೆಲ್ ಮತ್ತು ಸಂಗಡಿಗರು ಗದ್ದೆಗೆ ನೀರನ್ನು ಬಿಟ್ಟು ಬಿಟ್ಟು ಹರಿಸಿ, ವಾರದಲ್ಲಿ ಕೆಲವು ದಿನ ಒಣಗಲು ಬಿಡುವ ಪದ್ಧತಿಯನ್ನು ಪರೀಕ್ಷಿಸಿದರು. ಸೊಳ್ಳೆಯ ಹುಳು ರೆಕ್ಕೆ ಪಡೆಯುವುದರೊಳಗೆ ನೆಲ ಒಣಗಿದರೆ ಸಾಕೆಂಬ ಆ ವಿಧಾನ, ನಾಗಮಂಗಲದ ಕೆರೆಯಡಿಯಲ್ಲಿ ನೀರಗಂಟಿ ಬಡತನದ ಕಾರಣದಿಂದ ಪಾಲಿಸುತ್ತಿದ್ದ ಸರದಿಯನ್ನೇ ವಿಜ್ಞಾನದ ಭಾಷೆಯಲ್ಲಿ ಹೇಳಿದಂತಿತ್ತು. ದೊಡ್ಡ ನಾಲೆಯ ತುದಿಯಲ್ಲಿ ಮಾತ್ರ ಅಂತಹ ಸರದಿ ಸುಲಭವಾಗಿರಲಿಲ್ಲ. ಇಂದು ಬಿಟ್ಟ ನೀರು ನಾಳೆ ಬರುವುದೆಂಬ ಭರವಸೆಯಿಲ್ಲದ ರೈತ, ಬಂದ ನೀರನ್ನು ಗದ್ದೆಯಲ್ಲಿ ಕಟ್ಟಿಹಾಕಿಕೊಳ್ಳುವುದು ಸಹಜವೇ ಆಗಿತ್ತು.

ಔಷಧಿಯ ಕಾಲ ಮತ್ತು ಮೀನಿನ ಮರಳುವಿಕೆ

ಎರಡನೆಯ ಮಹಾಯುದ್ಧದ ನಂತರ ಡಿಡಿಟಿ ಎಂಬ ಕೀಟನಾಶಕ ಬಂದು ಈ ಎಲ್ಲ ಸೂಕ್ಷ್ಮ ಚರ್ಚೆಗಳನ್ನೂ ಹಿಂದಕ್ಕೆ ಸರಿಸಿತು. ಗೋಡೆಗೆ ಸಿಂಪಡಿಸಿದರೆ ತಿಂಗಳುಗಟ್ಟಲೆ ಸೊಳ್ಳೆಯನ್ನು ಕೊಲ್ಲುವ ಔಷಧಿಯೆದುರು ಬಸಿಗಾಲುವೆ, ತೂಬು, ಮೀನುಗಳ ಮಾತು ಹಳತಾಗಿ ಕಂಡಿತು. 1949ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತಂಡ ಮೈಸೂರಿನ ಮಲೆನಾಡಿನಲ್ಲಿ ಡಿಡಿಟಿಯ ಪ್ರಾತ್ಯಕ್ಷಿಕೆ ನಡೆಸಿತು. ವರ್ಷಕ್ಕೆ ಸುಮಾರು 7.5 ಕೋಟಿ ಜನರಿಗೆ ಮಲೇರಿಯಾ ಬಂದು 8 ಲಕ್ಷ ಮಂದಿ ಸಾಯುತ್ತಿದ್ದಾರೆಂಬ ಅಂದಾಜಿನ ಹಿನ್ನೆಲೆಯಲ್ಲಿ 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮವೂ, 1958ರಲ್ಲಿ ನಿರ್ಮೂಲನ ಕಾರ್ಯಕ್ರಮವೂ ಆರಂಭವಾದವು. 1961ರ ಹೊತ್ತಿಗೆ ದೇಶದ ರೋಗಿಗಳ ಸಂಖ್ಯೆ ಸುಮಾರು 50,000ಕ್ಕೆ ಇಳಿಯಿತು. ಕಾವೇರಿ ಸೀಮೆಯ ಒಂದು ತಲೆಮಾರು ಜ್ವರಗಡ್ಡೆಯೆಂಬ ಪದವನ್ನೇ ಮರೆಯುವಷ್ಟು ಬದಲಾವಣೆ ಇದು, ಮತ್ತು ಅದಕ್ಕಾಗಿ ಮನೆಮನೆಯ ಗೋಡೆಗೆ ಔಷಧಿ ಸಿಂಪಡಿಸಿದ ಸಾವಿರಾರು ಕಾರ್ಯಕರ್ತರಿಗೆ ಈ ನಾಡು ಋಣಿಯಾಗಿದೆ. ಆದರೆ ಕ್ಯೂಲಿಸಿಫೇಸಿಸ್ ಸೊಳ್ಳೆ ಡಿಡಿಟಿಗೆ ಒಗ್ಗಿಕೊಂಡಿತು, ಕಾವಲು ಸಡಿಲವಾಯಿತು, 1976ರಲ್ಲಿ ರೋಗಿಗಳ ಸಂಖ್ಯೆ ಮತ್ತೆ 64 ಲಕ್ಷಕ್ಕೇರಿತು.

ಔಷಧಿ ಸೋತಲ್ಲಿ ಮೀನು ಮರಳಿ ನೆನಪಾಯಿತು. 1970ರ ದಶಕದಲ್ಲಿ ಆರಂಭವಾದ ನಗರ ಮಲೇರಿಯಾ ಯೋಜನೆಯಲ್ಲಿ ಗ್ಯಾಂಬೂಸಿಯಾಕ್ಕೆ ಸ್ಥಾನ ದೊರೆಯಿತು. 1990ರ ದಶಕದಲ್ಲಿ ಮಲೇರಿಯಾ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಕೋಲಾರ ಜಿಲ್ಲೆಯ ಕಾಮಸಮುದ್ರ ಭಾಗದ ಹಳ್ಳಿಗಳ ಬಾವಿಗಳಿಗೂ ಕುಂಟೆಗಳಿಗೂ ಲಾರ್ವಾಹಾರಿ ಮೀನುಗಳನ್ನು ಬಿಟ್ಟು ಫಲಿತಾಂಶವನ್ನು ವರ್ಷಗಟ್ಟಲೆ ಗಮನಿಸಿದರು. ಅಲ್ಲಿ ರೋಗ ಹರಡುವ ಸೊಳ್ಳೆ ಮುಖ್ಯವಾಗಿ ಬಾವಿಗಳಲ್ಲಿಯೇ ಬೆಳೆಯುತ್ತಿದ್ದುದರಿಂದ ಮೀನು ಗುರಿ ಮುಟ್ಟಿ, ಜ್ವರ ಗಣನೀಯವಾಗಿ ಇಳಿಯಿತು. ಸ್ವೀಟ್ ಮತ್ತು ರಾವ್ ಅವರು ಮೊಟ್ಟೆಯ ಏಣುಗಳನ್ನು ಎಣಿಸಿ ಕಲಿಸಿದ್ದ ಪಾಠ ಇಲ್ಲಿ ಮತ್ತೆ ಫಲ ಕೊಟ್ಟಿತು: ಯಾವ ಸೊಳ್ಳೆ, ಯಾವ ನೀರು ಎಂಬುದನ್ನು ಮೊದಲು ತಿಳಿದು, ಆಮೇಲೆ ಮೀನನ್ನು ಬಿಡಬೇಕು.

ಸ್ಥಳೀಯ ಮೀನುಗಳ ಪಾಲು

ಈ ಚರಿತ್ರೆಗೆ ಇನ್ನೊಂದು ಮುಖವೂ ಇದೆ. ಮರಿ ಹಾಕುವ ಮೀನನ್ನು ಮನುಷ್ಯನಿಗೆ ಪ್ರಿಯವಾಗಿಸಿದ ಗುಣಗಳೇ ಇತರ ಜಲಚರಗಳಿಗೆ ಅದನ್ನು ಮಾರಕವಾಗಿಸಿದವು. ಗ್ಯಾಂಬೂಸಿಯಾ ಸೊಳ್ಳೆಯ ಹುಳುವನ್ನಷ್ಟೇ ತಿನ್ನುವುದಿಲ್ಲ. ಇತರ ಮೀನುಗಳ ಮೊಟ್ಟೆ ಮತ್ತು ಎಳೆಮರಿ, ಕಪ್ಪೆಯ ಗೊದಮೊಟ್ಟೆ, ಸೊಳ್ಳೆಯನ್ನು ತಿನ್ನುವ ನೀರುಹುಳುಗಳು ಎಲ್ಲವೂ ಅದಕ್ಕೆ ಆಹಾರವೇ. ತನಗಿಂತ ದೊಡ್ಡ ಮೀನಿನ ಈಜುರೆಕ್ಕೆಯನ್ನೂ ಅದು ಕಚ್ಚಿ ಹರಿಯುತ್ತದೆ. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ತಜ್ಞರ ತಂಡ ಸಿದ್ಧಪಡಿಸಿದ ಜಗತ್ತಿನ ನೂರು ಅತ್ಯಂತ ಹಾನಿಕಾರಕ ಆಕ್ರಮಣಶೀಲ ಜೀವಿಗಳ ಪಟ್ಟಿಯಲ್ಲಿ ಈ ಮೀನಿನ ಹೆಸರಿದೆ. ಮಲೇರಿಯಾ ನಿಯಂತ್ರಣದ ವೀರನೆಂದು ಹೊಗಳಿಸಿಕೊಂಡ ಜೀವಿಗೆ ಒಂದೇ ಶತಮಾನದೊಳಗೆ ಬಂದ ಪದವಿ ಇದು.

ಕಾವೇರಿಯ ಜಲಾನಯನ ಬರಿದಾದ ನೀರಲ್ಲ. ಹನ್ನೆರಡನೆಯ ಶತಮಾನದಲ್ಲಿಯೇ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ತನ್ನ ಮಾನಸೋಲ್ಲಾಸದಲ್ಲಿ ಮೀನುಗಳ ಜಾತಿ, ಆಹಾರ, ಗಾಳ ಹಾಕುವ ಕ್ರಮಗಳಿಗೆ ಪ್ರತ್ಯೇಕ ಅಧ್ಯಾಯವನ್ನೇ ಮೀಸಲಿಟ್ಟಿದ್ದನು. ನೀರಿನ ಜೀವಿಗಳನ್ನು ಹೆಸರು ಹಿಡಿದು ಗುರುತಿಸುವ ಪರಂಪರೆ ಈ ನಾಡಿಗೆ ಹಳೆಯದು. ಇಲ್ಲಿಯ ಕೆರೆ, ಗದ್ದೆ, ಕಾಲುವೆಗಳಲ್ಲಿ ನೆತ್ತಿಯ ಮೇಲೆ ಬೆಳ್ಳಿಯಂತೆ ಹೊಳೆಯುವ ಚುಕ್ಕೆಯುಳ್ಳ ಅಪ್ಲೋಕೀಲಸ್ ಎಂಬ ಪುಟ್ಟ ಮೀನು ಗ್ಯಾಂಬೂಸಿಯಾ ಬರುವ ಮೊದಲಿನಿಂದಲೂ ಮೇಲ್ಪದರದಲ್ಲಿ ತೇಲುತ್ತ ಸೊಳ್ಳೆಯ ಹುಳುಗಳನ್ನು ತಿನ್ನುತ್ತಲೇ ಇತ್ತು. ಗೆಂಡೆಯ ಜಾತಿಯ ಹಲವು ಸಣ್ಣ ಮೀನುಗಳೂ ಅದೇ ಕೆಲಸದಲ್ಲಿ ಪಾಲುಗೊಳ್ಳುತ್ತವೆ. ಇವೆಲ್ಲ ಅಂಡಜಗಳು, ಇವುಗಳ ಮೊಟ್ಟೆಗೆ ಕೆರೆಯಂಚಿನ ಗಿಡದ ಬೇರು ಬೇಕು, ಮಳೆಗಾಲದ ಹೊಸನೀರು ಬೇಕು, ವಿಷವಿಲ್ಲದ ಗದ್ದೆ ಬೇಕು. ಅಂತಹ ನೀರನ್ನು ಉಳಿಸಿಕೊಳ್ಳುವ ಶ್ರಮಕ್ಕಿಂತ ಯಾವ ನೀರಿನಲ್ಲಾದರೂ ಬಾಳುವ ಪರದೇಶದ ಮೀನನ್ನು ತರುವುದು ಸುಲಭವಾಗಿ ಕಂಡಿತು. ಬಿ. ಎ. ರಾವ್ ಅವರ ಕಾಲದಲ್ಲಿ, ಮಕ್ಕಳು ಕಣ್ಣೆದುರೇ ಸಾಯುತ್ತಿದ್ದಾಗ, ಆ ಆಯ್ಕೆಯನ್ನು ತಪ್ಪೆನ್ನಲಾಗದು. ರೋಗದ ಹೊರೆ ಇಳಿದು ಸ್ಥಳೀಯ ಮೀನುಗಳ ಗುಣ ತಿಳಿದ ಮೇಲೂ ಅದನ್ನೇ ಮುಂದುವರಿಸುವುದಕ್ಕೆ ಆ ಸಮರ್ಥನೆ ಇಲ್ಲ. ಆದುದರಿಂದಲೇ ಗೋಡೆಯಿರುವ ತೊಟ್ಟಿ, ಬಾವಿ, ಕಾರಂಜಿಗಳಿಗೆ ಈ ಮೀನನ್ನು ಸೀಮಿತಗೊಳಿಸಿ, ಹರಿಯುವ ಹೊಳೆಗೂ ಕೆರೆಗಳಿಗೂ ಬಿಡದಿರುವುದು ವಿವೇಕದ ದಾರಿ.

1970ರ ದಶಕದ ಕೊನೆಗೆ ಗೊರೂರಿನಲ್ಲಿ ಹೇಮಾವತಿ ಜಲಾಶಯ ಸಿದ್ಧವಾಗಿ, ಅದರ ನಾಲೆಗಳು ಕೃಷ್ಣರಾಜಪೇಟೆ ಮತ್ತು ನಾಗಮಂಗಲದ ಒಣನೆಲವನ್ನೂ ಮುಟ್ಟಿದವು. 1930ರ ದಶಕದಲ್ಲಿ ಇರ್ವಿನ್ ನಾಲೆಯ ಬಯಲು ಎದುರಿಸಿದ ಪ್ರಶ್ನೆ ಅಲ್ಲಿಯೂ ಬೇರೆಯಲ್ಲ: ಏರಿಯಿಂದ ಜಿನುಗುವ ನೀರು ಎಲ್ಲಿ ನಿಲ್ಲುತ್ತದೆ, ಬಸಿಗಾಲುವೆಯ ಹೂಳನ್ನು ಯಾರು ತೆಗೆಯುತ್ತಾರೆ, ಸರದಿ ಬಂದಾಗ ತೂಬು ನಿಜವಾಗಿ ತೆರೆಯುತ್ತದೆಯೇ, ಸರದಿ ಮುಗಿದಾಗ ನಿಜವಾಗಿ ಮುಚ್ಚುತ್ತದೆಯೇ. ಶ್ರೀರಂಗಪಟ್ಟಣದ ಹಳೆಯ ನಾಲೆಗಳಿಂದ ಹೇಮಾವತಿಯ ಹೊಸ ನಾಲೆಯವರೆಗಿನ ಚರಿತ್ರೆ ಸ್ಪಷ್ಟವಾಗಿ ತೋರುವುದಿಷ್ಟು: ನೀರನ್ನು ತರುವ ಕೆಲಸ ಅಣೆಕಟ್ಟು ಮುಗಿದ ದಿನ ಮುಗಿಯುವುದಿಲ್ಲ. ಹರಿದು ಬಂದ ನೀರು ಬಸಿದು ಹೋಗುವವರೆಗೂ ಅದರ ಹೊಣೆ ತಂದವರದೇ. ಇಟಲಿಯಿಂದ ಬಂದ ಪುಟ್ಟ ಮೀನು ಆ ಹೊಣೆಯಲ್ಲಿ ಸ್ವಲ್ಪ ಭಾಗವನ್ನು, ಬಾವಿಯಷ್ಟು ಅಗಲದ ಭಾಗವನ್ನು, ಹೊತ್ತಿತು. ಉಳಿದದ್ದು ಇಂದಿಗೂ ತೂಬಿನ ಬಳಿ ನಿಂತ ನೀರಗಂಟಿಯ ಕೈಯಲ್ಲಿಯೇ ಇದೆ.